ಚೆಂಡಾಟದ ಕಣದಿಂದ ಚಿತ್ರಶಾಲೆಗೆ

ಅಮೆರಿಕದ ಕ್ರೀಡಾ ಚಿತ್ರಕಾರ ಅರ್ನಿ ಬಾರ್ನ್ಸ್ ಅವರ ಜೀವನ ಮತ್ತು ಸಾಧನೆ

ಮಲ್ಲನಿಗೆ ಗರಡಿ, ಕಲಾವಿದನಿಗೆ ಏಕಾಂತ ಎಂಬುದು ಲೋಕರೂಢಿಯ ಎಣಿಕೆ. ತೋಳ್ಬಲವನ್ನು ನೆಚ್ಚಿದವನ ಕೈಗೆ ಕುಂಚವು ಒಗ್ಗದು, ಕುಂಚವನ್ನು ಹಿಡಿದ ಕೈ ಕಣಕ್ಕೆ ಇಳಿಯದು ಎಂದೇ ನಾವೆಲ್ಲರೂ ನಂಬಿರುತ್ತೇವೆ. ಈ ನಂಬಿಕೆಯನ್ನು ತನ್ನ ಬಾಳಿನಿಂದಲೇ ಸುಳ್ಳು ಮಾಡಿ ತೋರಿಸಿದವರು ಅಮೆರಿಕದ ಅರ್ನಿ ಬಾರ್ನ್ಸ್ ಎಂಬ ಚಿತ್ರಕಾರರು. ಐದು ವರ್ಷಗಳ ಕಾಲ ಸಂಬಳದ ಆಟಗಾರರಾಗಿ ಚೆಂಡಾಟದ ಕಣದಲ್ಲಿ ಹೊಡೆದಾಡಿದ ಈ ಭೀಮಕಾಯರು, ಮುಂದೆ ನಾಲ್ಕು ದಶಕಗಳಿಗೂ ಮಿಕ್ಕಿ ಅದೇ ಕಣದ ಶ್ರಮವನ್ನು, ಬೆವರನ್ನು, ಸೋಲುಗೆಲುವುಗಳನ್ನು ಬಣ್ಣಕ್ಕಿಳಿಸಿ ಪ್ರಸಿದ್ಧರಾದರು. ಬಡತನ, ವರ್ಣದ್ವೇಷ, ಉಪೇಕ್ಷೆ ಈ ಮೂರರ ನಡುವೆ ತನ್ನೊಳಗಿನ ಹಣತೆಯನ್ನು ಆರಗೊಡದ ಮನುಷ್ಯನ ಕಥೆಯಾದುದರಿಂದ, ಚಿತ್ರಕಲೆಯ ಗಂಧವಿಲ್ಲದವರೂ ಇದನ್ನು ತಿಳಿಯುವುದು ಲೇಸು.

ಆಟವೂ ಚಿತ್ರವೂ

ಆಟಗಾರನನ್ನು ಚಿತ್ರಿಸುವ ಹವ್ಯಾಸವು ಹೊಸತಲ್ಲ. ಪ್ರಾಚೀನ ಗ್ರೀಕರು ತಮ್ಮ ಮಣ್ಣಿನ ಹೂಜಿಗಳ ಮೇಲೆ ಓಟಗಾರರನ್ನೂ ಮಲ್ಲರನ್ನೂ ಬರೆದಿಟ್ಟರು. ಅಮೆರಿಕದ ಜಾರ್ಜ್ ಬೆಲ್ಲೋಸ್ 1909ರಲ್ಲಿ ಬರೆದ ಮುಷ್ಟಿಕಾಳಗದ ಚಿತ್ರವು ಇಂದಿಗೂ ನೋಡುವವರ ಎದೆಯನ್ನು ಝಲ್ಲೆನಿಸುವಂತಹುದು. 1912ರಿಂದ 1948ರವರೆಗೆ ಒಲಿಂಪಿಕ್ ಕ್ರೀಡೋತ್ಸವದಲ್ಲಿಯೇ ಕ್ರೀಡೆಗೆ ಸಂಬಂಧಿಸಿದ ಚಿತ್ರ, ಶಿಲ್ಪ, ಕಾವ್ಯ, ಸಂಗೀತಗಳಿಗೆ ಪದಕಗಳನ್ನು ಕೊಡುತ್ತಿದ್ದರೆಂಬುದು ಬಹಳ ಜನರಿಗೆ ತಿಳಿಯದ ಸಂಗತಿ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಐರ್ಲೆಂಡಿನ ಜಾಕ್ ಯೇಟ್ಸ್ ಎಂಬವರು ಈಜಿನ ಪಂದ್ಯದ ಚಿತ್ರವೊಂದನ್ನು ಬರೆದು ಬೆಳ್ಳಿಯ ಪದಕವನ್ನು ಪಡೆದರು. ಇತ್ತೀಚಿನವರಲ್ಲಿ ಲೆರಾಯ್ ನೀಮನ್ (1921-2012) ಅವರ ಹೆಸರು ದೊಡ್ಡದು. ಅವರ ಬಣ್ಣದ ಓಕುಳಿಯಲ್ಲಿ ಮಹಮ್ಮದಾಲಿಯಂತಹ ವೀರರು ಮಿಂದೆದ್ದರು.

ಆದರೆ ಇವರಲ್ಲಿ ಬಹುಮಂದಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಕಂಡುದನ್ನು ಬರೆದವರು. ಬಾರ್ನ್ಸ್ ಅವರಾದರೋ ಪೆಟ್ಟನ್ನು ತಿಂದು ಬರೆದವರು. ಇಬ್ಬರಿಗಿರುವ ಅಂತರವು ಹಸಿವಿನ ವಿಷಯವನ್ನು ಓದಿದವನಿಗೂ ಹಸಿದವನಿಗೂ ಇರುವಷ್ಟು.

ಗುಮಾಸ್ತನ ಮಗ

ಅರ್ನೆಸ್ಟ್ ಬಾರ್ನ್ಸ್ ಹುಟ್ಟಿದುದು 1938ನೆಯ ಇಸವಿ ಜುಲೈ 15ರಂದು, ಉತ್ತರ ಕ್ಯಾರೊಲಿನಾ ಪ್ರಾಂತದ ಡರಮ್ ಎಂಬ ಊರಿನಲ್ಲಿ. ಡರಮ್ ತಂಬಾಕಿನ ಊರು. ತಂದೆಯು ಅಲ್ಲಿಯ ಲಿಗೆಟ್ ಮತ್ತು ಮೈಯರ್ಸ್ ತಂಬಾಕು ಕಂಪೆನಿಯಲ್ಲಿ ಸರಕನ್ನು ರವಾನಿಸುವ ವಿಭಾಗದ ಗುಮಾಸ್ತ. ತಾಯಿ ಫ್ಯಾನಿ ಮೇ, ಫುಲ್ಲರ್ ಎಂಬ ಶ್ರೀಮಂತ ವಕೀಲರ ಮನೆಯಲ್ಲಿ ಮನೆಗೆಲಸದವರ ಮೇಲ್ವಿಚಾರಕಿ. ಆ ಕಾಲಕ್ಕೆ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಕೃಷ್ಣವರ್ಣೀಯರಿಗೆ ಬೇರೆ ಶಾಲೆ, ಬೇರೆ ಉಪಾಹಾರಗೃಹ, ಬಸ್ಸಿನಲ್ಲಿ ಬೇರೆ ಆಸನ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಅಸ್ಪೃಶ್ಯತೆಯ ಪಾಪವನ್ನು ಕಂಡುಂಡ ನಮ್ಮ ದೇಶದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಕೆಲವು ದಿನ ತಾಯಿಯು ಮಗನನ್ನೂ ಕೆಲಸದ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ವಕೀಲರು ಸಹೃದಯರು. ಬಾಲಕನನ್ನು ತಮ್ಮ ಗ್ರಂಥಾಲಯಕ್ಕೆ ಬರಗೊಟ್ಟು, ಚಿತ್ರಕಲೆಯ ಪುಸ್ತಕಗಳನ್ನು ಬಿಡಿಸಿ ತೋರಿಸಿ, ಪಾಶ್ಚಾತ್ಯ ಸಂಗೀತದ ಮುದ್ರಿಕೆಗಳನ್ನು ಕೇಳಿಸಿದರು. ಅಕ್ಷರಾಭ್ಯಾಸದ ವಯಸ್ಸಿನಲ್ಲಿಯೇ ಮೈಕೆಲೇಂಜಲೊ, ರೂಬೆನ್ಸ್, ದೆಲಕ್ರುವಾ ಮೊದಲಾದವರ ಹೆಸರುಗಳು ಆ ಹುಡುಗನ ಕಿವಿಗೆ ಬಿದ್ದವು. ಆತನ ಬಣ್ಣದವರಿಗೆ ಚಿತ್ರಶಾಲೆಯ ಬಾಗಿಲು ತೆರೆಯದಿದ್ದ ಆ ಕಾಲದಲ್ಲಿ, ಸೇವಕಿಯ ಮಗನಾಗಿ ಒಳಹೊಕ್ಕ ಮನೆಯೊಂದರಲ್ಲಿ ಆತನಿಗೆ ಕಲೆಯ ದರ್ಶನವಾಯಿತು.

ಬಾಲಕನು ದಪ್ಪ ಮೈಯವನು, ಬಲು ನಾಚಿಕೆಯ ಸ್ವಭಾವದವನು. ಸಹಪಾಠಿಗಳ ಕೀಟಲೆಯನ್ನು ತಾಳಲಾರದೆ ಶಾಲೆಯ ಮೂಲೆಗಳಲ್ಲಿ ಅಡಗಿ ಕುಳಿತು ಪುಸ್ತಕದ ಹಾಳೆಗಳಲ್ಲಿ ಚಿತ್ರ ಬರೆಯುವುದೇ ಆತನಿಗೆ ಸಮಾಧಾನ. ಒಂದು ದಿನ ಹಾಗೆ ಅಡಗಿದ್ದವನನ್ನು ಟಾಮಿ ಟಕರ್ ಎಂಬ ಉಪಾಧ್ಯಾಯರು ಕಂಡರು. ಅವರು ಗಾರೆಗೆಲಸವನ್ನು ಕಲಿಸುವವರು, ಭಾರ ಎತ್ತುವ ವ್ಯಾಯಾಮದಲ್ಲಿ ಪಳಗಿದವರು. ಅವರು ಗದರಿಸಲಿಲ್ಲ. ಬರೆದುದನ್ನು ನೋಡಿ ಮೆಚ್ಚಿ, ವ್ಯಾಯಾಮವು ತಮ್ಮ ಬಾಳನ್ನು ಹೇಗೆ ತಿದ್ದಿತೆಂಬುದನ್ನು ಹೇಳಿ ಹುಡುಗನಿಗೆ ಗರಡಿಯ ದಾರಿಯನ್ನು ತೋರಿಸಿದರು. ಶಾಲೆಯನ್ನು ಬಿಡುವ ವೇಳೆಗೆ ಆ ಅಂಜುಬುರುಕನೇ ಫುಟ್‌ಬಾಲ್ ತಂಡದ ನಾಯಕನೂ ಗುಂಡೆಸೆತದಲ್ಲಿ ಪ್ರಾಂತಕ್ಕೆ ಮೊದಲಿಗನೂ ಆಗಿದ್ದನು. ಒಬ್ಬ ಉಪಾಧ್ಯಾಯರ ಒಂದು ಗಳಿಗೆಯ ಸಹಾನುಭೂತಿಯು ಏನನ್ನು ಮಾಡಬಲ್ಲುದು ಎಂಬುದಕ್ಕೆ ಬೇರೆ ನಿದರ್ಶನವೇಕೆ?

ವಸ್ತುಸಂಗ್ರಹಾಲಯದಲ್ಲಿ ಕೇಳಿದ ಮಾತು

ಕಾಲೇಜುಗಳಿಂದ ವಿದ್ಯಾರ್ಥಿವೇತನದ ಆಹ್ವಾನಗಳು ಹಲವು ಬಂದವು. ಊರಿನ ಸನಿಹದ ಪ್ರಸಿದ್ಧ ಡ್ಯೂಕ್ ವಿಶ್ವವಿದ್ಯಾನಿಲಯಕ್ಕೆ ಮಾತ್ರ ವರ್ಣದ ಕಾರಣದಿಂದ ಪ್ರವೇಶವಿಲ್ಲ. ಕೃಷ್ಣವರ್ಣೀಯರಿಗಾಗಿ ಇದ್ದ ಡರಮಿನ ಕಾಲೇಜಿಗೆ ಸೇರಿ ಬಾರ್ನ್ಸ್ ಚಿತ್ರಕಲೆಯನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡರು. ಅಲ್ಲಿ ಎಡ್ ವಿಲ್ಸನ್ ಎಂಬ ಶಿಲ್ಪಿಗಳು ಗುರುಗಳಾಗಿ ದೊರೆತರು. ಆಟವಾಡುವಾಗ ನಿನ್ನ ಮೈಯೊಳಗೆ ಏನಾಗುತ್ತದೆಂಬುದನ್ನು ಗಮನಿಸು, ಅದನ್ನೇ ಬರೆ ಎಂಬುದು ಅವರ ಉಪದೇಶದ ಸಾರ. ಬಾರ್ನ್ಸ್ ಅವರ ಕಲೆಯ ಬೀಜವು ಈ ಉಪದೇಶದಲ್ಲಿದೆ.

1956ರಲ್ಲಿ ತರಗತಿಯವರೊಡನೆ ರಾಲೀ ಪಟ್ಟಣದಲ್ಲಿ ಆಗತಾನೆ ತೆರೆದಿದ್ದ ಪ್ರಾಂತದ ಕಲಾಸಂಗ್ರಹಾಲಯಕ್ಕೆ ಹೋದಾಗ, ಹದಿನೆಂಟರ ತರುಣನು ವಿವರಿಸಿ ತೋರಿಸುತ್ತಿದ್ದವರನ್ನು ಒಂದು ಪ್ರಶ್ನೆ ಕೇಳಿದನು: ಕೃಷ್ಣವರ್ಣೀಯ ಕಲಾವಿದರ ಚಿತ್ರಗಳು ಎಲ್ಲಿವೆ? ನಿಮ್ಮ ಜನ ಆ ಬಗೆಯಲ್ಲಿ ತಮ್ಮ ಭಾವವನ್ನು ತೋರ್ಪಡಿಸುವವರಲ್ಲ ಎಂಬ ಅರ್ಥದ ಉತ್ತರ ಬಂದಿತು. ಕೋಪದ ದನಿಯಿಲ್ಲದೆ, ಎಲ್ಲರೂ ಬಲ್ಲ ಸಂಗತಿಯೆಂಬಂತೆ ಆಡಿದ ಮಾತಾದುದರಿಂದಲೇ ಅದು ಹೆಚ್ಚು ನೋಯಿಸುವಂತಹುದು. ಅದಕ್ಕೆ ಉತ್ತರ ಕೊಡಲು ಬಾರ್ನ್ಸ್ ಅವರಿಗೆ ಇಪ್ಪತ್ತಮೂರು ವರ್ಷಗಳು ಬೇಕಾದವು. 1979ರಲ್ಲಿ ಅದೇ ಸಂಗ್ರಹಾಲಯದಲ್ಲಿ ಅವರೊಬ್ಬರವೇ ಚಿತ್ರಗಳ ಪ್ರದರ್ಶನವು ನಡೆಯಿತು. ಪ್ರಾಂತದ ಗವರ್ನರರೇ ಅದರ ಆತಿಥ್ಯವನ್ನು ವಹಿಸಿದರು.

ವಿದ್ಯಾರ್ಥಿಯಾಗಿದ್ದಾಗಲೇ, 1959ರಲ್ಲಿ, ಅವರ ಮೊದಲ ಚಿತ್ರವು ಮಾರಾಟವಾಯಿತು. ಕೊಂಡವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ, ಬಾಸ್ಕೆಟ್‌ಬಾಲ್ ಆಟಗಾರ ಸ್ಯಾಮ್ ಜೋನ್ಸ್. ಬೆಲೆ 90 ಡಾಲರು.

ಬೆಂಚಿನ ಮೇಲೆ ಕಂಡ ದೃಶ್ಯ

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟವು ನಾವು ಕೂಪರೇಜ್ ಮೈದಾನದಲ್ಲಿ ನೋಡುವ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆಯನ್ನು ಭೇದಿಸಿ ಮುನ್ನುಗ್ಗುವ ಆಟವದು. ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಪ್ಪ ಮೆತ್ತೆ. ಪಕ್ಷಕ್ಕೆ ಹನ್ನೊಂದು ಜನ. ಅದರಲ್ಲಿ ಚೆಂಡನ್ನು ಎಸೆಯುವವನಿಗೂ ಹಿಡಿದು ಓಡುವವನಿಗೂ ಜಯಕಾರ. ಅವರಿಗೆ ಪೆಟ್ಟು ಬೀಳದಂತೆ ಎದುರಾಳಿಯ ಭಾರವನ್ನು ಎದೆಗೊಟ್ಟು ತಡೆಯುವ ಕೆಲವರಿರುತ್ತಾರೆ. ಅವರ ಕೈಗೆ ಚೆಂಡು ಬರುವುದೇ ಅಪರೂಪ. ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತವರನ್ನೂ ತಿಂಡಿಯನ್ನು ತಂದಿಡುವ ಮಾಣಿಯನ್ನೂ ಗಿರಾಕಿಯು ಕಾಣುತ್ತಾನೆ. ಒಳಗೆ ದೋಸೆಕಲ್ಲಿನ ಕಾವಿಗೆ ಮುಖವೊಡ್ಡಿ ನಿಂತವನನ್ನು ಕಾಣುವುದಿಲ್ಲ. ಬಾರ್ನ್ಸ್ ಅವರದು ಈ ಕಾಣದ ಸಾಲಿನ ಸ್ಥಾನ.

1959ರ ಕೊನೆಗೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ ವಾಷಿಂಗ್ಟನ್ ತಂಡವು ಮೊದಲು ಬಾರ್ನ್ಸ್ ಅವರ ಹೆಸರನ್ನು ಕೂಗಿ, ಆತನು ಕೃಷ್ಣವರ್ಣೀಯನೆಂದು ತಿಳಿದ ಕೂಡಲೇ ಕೈಬಿಟ್ಟಿತು. 1962ರವರೆಗೂ ಆ ತಂಡದಲ್ಲಿ ಒಬ್ಬ ಕೃಷ್ಣವರ್ಣೀಯನೂ ಆಡಲಿಲ್ಲ. ಬಳಿಕ ಬಾಲ್ಟಿಮೋರಿನ ಕೋಲ್ಟ್ಸ್ ತಂಡವು ಅವರನ್ನು ಆರಿಸಿಕೊಂಡಿತು. ಡಿಸೆಂಬರ್ 27ರಂದು ಕೋಲ್ಟ್ಸ್ ತಂಡಕ್ಕೂ ನ್ಯೂಯಾರ್ಕಿನ ಜೈಂಟ್ಸ್ ತಂಡಕ್ಕೂ ಅಂತಿಮ ಪಂದ್ಯ. ಇನ್ನೂ ಕರಾರಿಗೆ ಸಹಿ ಹಾಕದಿದ್ದ ತರುಣನನ್ನು ಪಂದ್ಯ ನೋಡಲು ಕರೆಸಿ, ಆಟಗಾರರ ಬೆಂಚಿನಲ್ಲಿಯೇ ಕುಳ್ಳಿರಿಸಿದರು. ಕೋಲ್ಟ್ಸ್ ತಂಡವು 31-16ರಿಂದ ಗೆದ್ದಿತು. ಆದರೆ ಬಾರ್ನ್ಸ್ ಅವರ ಕಣ್ಣಿಗೆ ಕಟ್ಟಿದುದು ಗೆಲುವಲ್ಲ. ತನ್ನ ಸರದಿಗಾಗಿ ಕಾದು, ದಣಿದು, ಬಾಗಿ ಬೆಂಚಿನ ಮೇಲೆ ಕುಳಿತ ಆಟಗಾರರ ಭಂಗಿ. ಮನೆಗೆ ಮರಳಿದವರೇ ಕುಂಚವನ್ನೂ ಬದಿಗಿಟ್ಟು ಬಣ್ಣ ಕಲಸುವ ಚೂರಿಯಿಂದಲೇ ಒಂದು ಗಂಟೆಯೊಳಗೆ ಆ ದೃಶ್ಯವನ್ನು ಚಿತ್ರಿಸಿ ಮುಗಿಸಿದರು. ‘ಬೆಂಚು’ ಎಂಬ ಆ ಚಿತ್ರವನ್ನು ಅವರು ಜೀವವಿರುವವರೆಗೂ ಮಾರಲಿಲ್ಲ. 2014ರಲ್ಲಿ ಅವರ ಪತ್ನಿ ಅದನ್ನು ಓಹಾಯೋ ಪ್ರಾಂತದ ಕ್ಯಾಂಟನ್ನಿನಲ್ಲಿರುವ ಫುಟ್‌ಬಾಲ್ ವೀರರ ಸ್ಮಾರಕಭವನಕ್ಕೆ ಒಪ್ಪಿಸಿದರು.

ಕಣದ ಕ್ರೌರ್ಯ

ಕೋಲ್ಟ್ಸ್ ತಂಡದಲ್ಲಿ ಅವರು ನೆಲೆಯೂರಲಿಲ್ಲ. ತರಬೇತಿಯ ಕೊನೆಗೆ ಕೈಬಿಡಲಾದವರಲ್ಲಿ ಅವರೂ ಒಬ್ಬರಾದರು. 1960ರಲ್ಲಿ ನ್ಯೂಯಾರ್ಕಿನ ಟೈಟನ್ಸ್ ಎಂಬ ಹೊಸ ತಂಡವನ್ನು ಸೇರಿದರು. ಆ ಅಕ್ಟೋಬರಿನಲ್ಲಿ ಹೂಸ್ಟನ್ನಿನ ಪಂದ್ಯದಲ್ಲಿ ಅವರ ಜೊತೆಯ ಆಟಗಾರ ಹೋವರ್ಡ್ ಗ್ಲೆನ್ ಕತ್ತಿನ ಮೂಳೆ ಮುರಿದು ಮರಣ ಹೊಂದಿದನು. ಆ ಸಾವು ಬಾರ್ನ್ಸ್ ಅವರನ್ನು ಎಷ್ಟು ಕಲಕಿತೆಂದರೆ, ಕೆಲವೇ ದಿನಗಳಲ್ಲಿ ತನ್ನನ್ನು ಬಿಡುಗಡೆ ಮಾಡಬೇಕೆಂದು ಕೇಳಿಕೊಂಡು ತಂಡವನ್ನು ಬಿಟ್ಟರು. ಮುಂದೆ ಕ್ಯಾಲಿಫೋರ್ನಿಯಾದ ಚಾರ್ಜರ್ಸ್ ತಂಡದಲ್ಲಿ, ಬಳಿಕ 1963 ಮತ್ತು 1964ರಲ್ಲಿ ಡೆನ್ವರ್ ಬ್ರಾಂಕೋಸ್ ತಂಡದಲ್ಲಿ ಆಡಿದರು.

ಆಡುತ್ತಿದ್ದಾಗಲೂ ಬರೆಯುವುದು ನಿಲ್ಲಲಿಲ್ಲ. ಆಟದ ಬಿಡುವಿನಲ್ಲಿ ತುಂಡು ಕಾಗದಗಳ ಮೇಲೆ, ತಂಡದ ಸಭೆಗಳಲ್ಲಿ ಗುರುಗಳ ಕಣ್ಣು ತಪ್ಪಿಸಿ, ಅವರು ಗೆರೆಗಳನ್ನು ಎಳೆಯುತ್ತಲೇ ಇದ್ದರು. ಹೀಗೆ ಸಿಕ್ಕಿಬಿದ್ದು ಡೆನ್ವರಿನಲ್ಲಿ ದಂಡವನ್ನೂ ತೆತ್ತರು. ಜೊತೆಯವರು ಅವರಿಗೆ ‘ದೊಡ್ಡ ರೆಂಬ್ರಾಂಟ್’ ಎಂದು ಅಡ್ಡಹೆಸರಿಟ್ಟರು. ಕಾಕತಾಳೀಯವೆಂಬಂತೆ ಹಾಲೆಂಡಿನ ಆ ಮಹಾಚಿತ್ರಕಾರನ ಜನ್ಮದಿನವೂ ಜುಲೈ 15!

ಕಣವು ಅವರಿಗೆ ಕಲಿಸಿದುದು ಎರಡು ಪಾಠಗಳನ್ನು. ಮೊದಲನೆಯದು, ದೇಹವು ತನ್ನ ಮಿತಿಯನ್ನು ಮೀರಿ ಚಾಚಿಕೊಳ್ಳುವಾಗಿನ ಸೊಬಗು. ಎರಡನೆಯದು, ಆ ಸೊಬಗಿನ ಹಿಂದಿರುವ ಹಿಂಸೆ. ಅವರ ಫುಟ್‌ಬಾಲ್ ಚಿತ್ರಗಳಲ್ಲಿ ಆಟಗಾರನ ಹಲ್ಲು ಕಚ್ಚಿದೆ, ನರಗಳು ಬಿಗಿದಿವೆ, ಮುಖವು ಮೃಗದಂತೆ ವಿಕಾರಗೊಂಡಿದೆ. ಅದೇ ದೇಹಗಳ ಹೆಣಿಗೆಯಾದರೋ ನೃತ್ಯದಂತಿದೆ. ಆಟವನ್ನು ಬರಿಯ ಹೊಗಳಿಕೆಯ ವಸ್ತುವನ್ನಾಗಿ ಮಾಡದೆ, ಬರಿಯ ತೆಗಳಿಕೆಯ ವಸ್ತುವನ್ನಾಗಿಯೂ ಮಾಡದೆ, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದಿಟ್ಟುದು ಅವರ ಹೆಚ್ಚಳ.

ಸಂಬಳದ ಚಿತ್ರಕಾರ

1965ರಲ್ಲಿ ಕೆನಡಾದ ತಂಡವೊಂದರಲ್ಲಿ ಆಡುವಾಗ ಕಾಲಿನ ಮೂಳೆ ಮುರಿದು ಅವರ ಆಟಕ್ಕೆ ತೆರೆಬಿದ್ದಿತು. ವಯಸ್ಸು ಇಪ್ಪತ್ತೇಳು, ಹೆಂಡತಿ ಮಕ್ಕಳ ಹೊಣೆ, ಕೈಯಲ್ಲಿ ಬೇರೆ ಉದ್ಯೋಗವಿಲ್ಲ. ಇಂತಹ ವೇಳೆಯಲ್ಲಿ ಮನುಷ್ಯನು ಸಿಕ್ಕಿದ ಕೆಲಸಕ್ಕೆ ಕೈಚಾಚುವುದು ಸಹಜ. ಬಾರ್ನ್ಸ್ ಮಾತ್ರ ಹೂಸ್ಟನ್ನಿನಲ್ಲಿ ತಂಡಗಳ ಒಡೆಯರ ಸಭೆ ನಡೆಯುವುದೆಂದು ಕೇಳಿ ಅಲ್ಲಿಗೇ ಹೋಗಿ, ನಿಮ್ಮ ಆಟದ ಚಿತ್ರಕಾರನಾಗಿ ನನ್ನನ್ನು ನೇಮಿಸಿರಿ ಎಂದು ಬೇಡಿಕೆಯನ್ನಿಟ್ಟರು. ನಗೆಗೀಡಾಗಬಹುದಾಗಿದ್ದ ಸಾಹಸವದು. ಆದರೆ ನ್ಯೂಯಾರ್ಕ್ ಜೆಟ್ಸ್ ತಂಡದ ಒಡೆಯ ಸನ್ನಿ ವರ್ಬ್ಲಿನ್ ಎಂಬವರು ಅದರಲ್ಲಿ ಹುರುಳನ್ನು ಕಂಡರು. ಬಾರ್ನ್ಸ್ ಅವರನ್ನು ನ್ಯೂಯಾರ್ಕಿಗೆ ಕರೆಸಿ, ಕಲೆಯನ್ನು ಬಲ್ಲವರಿಗೆ ಚಿತ್ರಗಳನ್ನು ತೋರಿಸಿ, ಅವರೆಲ್ಲರೂ ಮೆಚ್ಚಿದ ಬಳಿಕ, ಆಟಗಾರನಿಗೆ ಕೊಡುವ ಸಂಬಳವನ್ನೇ ಕೊಟ್ಟು ಚಿತ್ರ ಬರೆಯಲು ನೇಮಿಸಿಕೊಂಡರು. ಚೆಂಡಾಟದ ತಂಡವೊಂದು ಕುಂಚಕ್ಕೆ ಸಂಬಳ ತೆತ್ತುದು ಅಪೂರ್ವವಾದ ಸಂಗತಿ.

1966ರ ನವೆಂಬರಿನಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಚಿತ್ರಶಾಲೆಯಲ್ಲಿ ಬಾರ್ನ್ಸ್ ಅವರ ಮೊದಲ ಪ್ರದರ್ಶನವು ಏರ್ಪಟ್ಟಿತು. ಚಿತ್ರಗಳೆಲ್ಲವೂ ಮಾರಾಟವಾದವು.

ತಂದೆಯ ಬೇಲಿ

ಆ ಪ್ರದರ್ಶನಕ್ಕೆ ಮುನ್ನ ನಡೆದ ಸಂಗತಿಯೊಂದನ್ನು ಹೇಳದೆ ಮುಂದುವರಿಯುವಂತಿಲ್ಲ. ಡರಮಿನ ಮನೆಯ ಸುತ್ತ ಮರದ ಬೇಲಿಯೊಂದಿತ್ತು. ಅದಕ್ಕೆ ಸುಣ್ಣಬಣ್ಣ ಬಳಿದು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಗುಮಾಸ್ತನಾದ ತಂದೆಗೆ ಅಭಿಮಾನದ ಕೆಲಸ. ಆತನು ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದ ಮೇಲೆ ನೋಡುವವರಿಲ್ಲದೆ ಬೇಲಿಯು ಬಿಸಿಲುಮಳೆಗೆ ಮಾಸಿ ಬಿರುಕುಬಿಟ್ಟಿತ್ತು. ಊರಿಗೆ ಬಂದ ಮಗನು ತನ್ನ ಚಿತ್ರವೊಂದನ್ನು ಆ ಬೇಲಿಗೆ ಒರಗಿಸಿ ದೂರ ನಿಂತು ನೋಡಿದಾಗ, ಆ ಹಳೆಯ ಮರಕ್ಕೂ ಬಣ್ಣಕ್ಕೂ ಕೂಡಿಬಂದ ಹೊಂದಿಕೆಯನ್ನು ಕಂಡು ಬೆರಗಾದನು. ಬೇಲಿಯ ಹಲಗೆಗಳನ್ನೇ ಕಳಚಿ ನ್ಯೂಯಾರ್ಕಿನ ಪ್ರದರ್ಶನದ ಚಿತ್ರಗಳಿಗೆ ಚೌಕಟ್ಟು ಕಟ್ಟಿಸಿದನು. ಪ್ರದರ್ಶನಕ್ಕೆ ಒಂದು ತಿಂಗಳ ಮೊದಲು ತಂದೆಯು ಕಣ್ಣುಮುಚ್ಚಿದರು. ಮಹಾನಗರದ ಧನಿಕರು ಬಂದು ನೋಡಿದ ಆ ಗೋಡೆಗಳ ಮೇಲೆ, ತಂಬಾಕು ಕಂಪೆನಿಯ ಗುಮಾಸ್ತರೊಬ್ಬರ ಬಾಳಿನ ದುಡಿಮೆಯೂ ತೂಗುತ್ತಿತ್ತು. ಸವೆದ ಮರದ ಚೌಕಟ್ಟು ಮುಂದೆಯೂ ಬಾರ್ನ್ಸ್ ಅವರ ಚಿತ್ರಗಳ ಗುರುತಾಗಿ ಉಳಿಯಿತು.

ಮುಚ್ಚಿದ ಕಣ್ಣುಗಳು

ಬಾರ್ನ್ಸ್ ಅವರ ಶೈಲಿಯನ್ನು ವಿಮರ್ಶಕರು ನವ ಮ್ಯಾನರಿಸಂ ಎಂದು ಕರೆದರು. ಹದಿನಾರನೆಯ ಶತಮಾನದ ಇಟಲಿಯ ಮ್ಯಾನರಿಸ್ಟ್ ಪಂಥದ ಚಿತ್ರಕಾರರು ದೇಹವನ್ನು ಇದ್ದಂತೆ ಬರೆಯದೆ, ಭಾವಕ್ಕೆ ತಕ್ಕಂತೆ ಎಳೆದು ಬಳುಕಿಸಿ ಬರೆದರು. ಬಾರ್ನ್ಸ್ ಅವರ ಆಟಗಾರರೂ ಹಾಗೆಯೇ: ಕೈಗಳು ಉದ್ದ, ಕಾಲುಗಳು ಉದ್ದ, ಕತ್ತು ಹಾವಿನಂತೆ ಬಾಗಿದುದು. ಛಾಯಾಚಿತ್ರವು ಒಂದು ಕ್ಷಣವನ್ನು ಹೆಪ್ಪುಗಟ್ಟಿಸಿ ಕೊಡುತ್ತದೆ. ಕಣದಲ್ಲಿರುವವನಿಗೆ ಆ ಕ್ಷಣವು ಹಿಂದುಮುಂದುಗಳೊಡನೆ ಬೆಸೆದು ಎಳೆದಂತೆ ಅನುಭವಕ್ಕೆ ಬರುತ್ತದೆ. ಆ ಎಳೆತವನ್ನೇ ಅವರು ಬರೆದರು.

ಈ ಸಂದರ್ಭದಲ್ಲಿ ನಮ್ಮವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911-1996) ನೆನಪಾಗುವುದು ಸಹಜ. ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿ ಜಗದ್ವಿಖ್ಯಾತರಾದ ಹೆಬ್ಬಾರರ ರೇಖೆಗಳಲ್ಲಿ ನರ್ತಕಿಯ ಹೆಜ್ಜೆಯು ಮಿಡಿಯುವುದನ್ನು ಕಾಣದವರಾರು? ಲಯವನ್ನು ಗೆರೆಗೆ ತರಬೇಕೆಂದು ಅವರು ಸ್ವತಃ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಇಬ್ಬರ ದೇಶ ಬೇರೆ, ದಾರಿ ಬೇರೆ, ಕಂಡುಕೊಂಡ ಸತ್ಯವೊಂದೇ. ಚಲನೆಯನ್ನು ಮೈಯಲ್ಲಿ ಅರಿಯದವನ ಕೈಗೆ ಅದು ಪೂರ್ತಿಯಾಗಿ ಒಲಿಯದು.

1971ರಿಂದೀಚೆಗೆ ಬಾರ್ನ್ಸ್ ಅವರ ಚಿತ್ರಗಳಲ್ಲಿ ಇನ್ನೊಂದು ವಿಶೇಷ ಕಾಣಿಸಿಕೊಂಡಿತು. ಅವರ ಮನುಷ್ಯರ ಕಣ್ಣುಗಳು ಮುಚ್ಚಿರುತ್ತವೆ. ನಾವು ಒಬ್ಬರೊಬ್ಬರ ಮನುಷ್ಯತ್ವಕ್ಕೆ ಕುರುಡರಾಗಿದ್ದೇವೆ ಎಂಬುದು ಅದಕ್ಕೆ ಅವರು ಕೊಡುತ್ತಿದ್ದ ಕಾರಣ. ಮೈಯ ಬಣ್ಣವನ್ನು ಕಂಡವರು ಮನುಷ್ಯನನ್ನು ಕಾಣಲಿಲ್ಲ ಎಂಬ ನೋವು ಆ ಮುಚ್ಚಿದ ರೆಪ್ಪೆಗಳ ಹಿಂದಿದೆ. 1972ರಿಂದ 1979ರವರೆಗೆ ಅಮೆರಿಕದ ಹಲವು ನಗರಗಳಲ್ಲಿ ಸುತ್ತಿದ ಅವರ ಪ್ರದರ್ಶನವೊಂದು, ಬಡ ಕೃಷ್ಣವರ್ಣೀಯರ ಕೇರಿಗಳ ದಿನನಿತ್ಯದ ಬಾಳಿನಲ್ಲಿರುವ ಚೆಲುವನ್ನು ಜನರ ಮುಂದಿಟ್ಟಿತು.

ಒಲಿಂಪಿಕ್ ಗೌರವ

1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ ಕ್ರೀಡೋತ್ಸವವು ನಡೆದಾಗ ಬಾರ್ನ್ಸ್ ಅದರ ಅಧಿಕೃತ ಕ್ರೀಡಾ ಚಿತ್ರಕಾರರಾಗಿ ನೇಮಕಗೊಂಡರು. ಅದಕ್ಕಾಗಿ ಅವರು ಬರೆದ ಐದು ಚಿತ್ರಗಳು ಭಿತ್ತಿಪತ್ರಗಳಾಗಿ ಅಚ್ಚಾದವು. 1987ರಲ್ಲಿ ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡದ ಒಡೆಯರ ಅಪೇಕ್ಷೆಯಂತೆ ಮ್ಯಾಜಿಕ್ ಜಾನ್ಸನ್, ಕರೀಂ ಅಬ್ದುಲ್ ಜಬ್ಬಾರ್ ಮೊದಲಾದ ಐವರು ಆಟಗಾರರು ಮುನ್ನುಗ್ಗುತ್ತಿರುವ ಚಿತ್ರವನ್ನು ರಚಿಸಿದರು. ಅಮೆರಿಕದ ಬಾಸ್ಕೆಟ್‌ಬಾಲ್ ಸಂಘದ ಐವತ್ತನೆಯ ವರ್ಷಕ್ಕೂ ಅವರಿಂದಲೇ ಚಿತ್ರವನ್ನು ಬರೆಯಿಸಿದರು. 1990ರಲ್ಲಿ ಅವರು ಓದಿದ ವಿದ್ಯಾಸಂಸ್ಥೆಯು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ಆದರೆ ಜನಸಾಮಾನ್ಯರ ಮನಸ್ಸಿನಲ್ಲಿ ನಿಂತುದು ಆಟದ ಚಿತ್ರವಲ್ಲ, ನೃತ್ಯದ ಚಿತ್ರ. ಬಾಲ್ಯದಲ್ಲಿ ಡರಮಿನ ಸಭಾಭವನವೊಂದರೊಳಗೆ ಕದ್ದು ನುಸುಳಿ ಕಂಡ ಕುಣಿತದ ನೆನಪಿನಿಂದ ಬರೆದ ‘ಶುಗರ್ ಶ್ಯಾಕ್’ ಎಂಬ ಆ ಚಿತ್ರವು ಟೆಲಿವಿಷನ್ ಕಥಾಮಾಲಿಕೆಯೊಂದರಲ್ಲಿಯೂ, 1976ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಗೀತಮುದ್ರಿಕೆಯ ಹೊದಿಕೆಯ ಮೇಲೆಯೂ ಕಾಣಿಸಿಕೊಂಡು ಮನೆಮನೆಯನ್ನು ಹೊಕ್ಕಿತು. ದೊಡ್ಡ ಸಂಗ್ರಹಾಲಯಗಳ ಪಂಡಿತರು ಅವರನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಆಟದ ಚಿತ್ರ ಬರೆಯುವವನು, ಜನರಿಗೆ ಮೆಚ್ಚಿಗೆಯಾದವನು ಎಂಬೆರಡು ಅಪವಾದಗಳು ಅವರ ಮೇಲಿದ್ದವು.

ಬೆಲೆ ಮತ್ತು ಮೌಲ್ಯ

2009ರ ಏಪ್ರಿಲ್ 27ರಂದು ಬಾರ್ನ್ಸ್ ಲಾಸ್ ಏಂಜಲೀಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ನಿಧನರಾದರು. ಅವರ ಚಿತಾಭಸ್ಮದ ಒಂದು ಪಾಲನ್ನು ಡರಮಿನಲ್ಲಿ, ತಂದೆತಾಯಿಗಳ ಮನೆಯಿದ್ದ ಜಾಗದ ಬಳಿ ಚೆಲ್ಲಿದರು. ಹದಿಮೂರು ವರ್ಷಗಳ ತರುವಾಯ, 2022ರ ಮೇ 12ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಶುಗರ್ ಶ್ಯಾಕ್’ ಚಿತ್ರದ 1976ರ ಪ್ರತಿಯು ಮಾರಾಟಕ್ಕೆ ಬಂದಿತು. ಹೆಚ್ಚೆಂದರೆ 2 ಲಕ್ಷ ಡಾಲರು ಬಂದೀತೆಂದು ಹರಾಜಿನವರ ಅಂದಾಜು. ಕೂಗು ಏರುತ್ತ ಏರುತ್ತ 1 ಕೋಟಿ 52 ಲಕ್ಷ ಡಾಲರನ್ನು ಮೀರಿ ನಿಂತಿತು. ಕೊಂಡವರು ಬಾಲ್ಯದಿಂದಲೂ ಆ ಚಿತ್ರವನ್ನು ಟೆಲಿವಿಷನ್ನಿನಲ್ಲಿ ಕಂಡು ಮನಸೋತಿದ್ದ ಕೃಷ್ಣವರ್ಣೀಯ ಉದ್ಯಮಿಯೊಬ್ಬರು. ಮೊದಲ ಚಿತ್ರಕ್ಕೆ 90 ಡಾಲರನ್ನು ಪಡೆದ ಕೈ ಅಂದು ಇರಲಿಲ್ಲ.

ಆದರೆ ಈ ಕಥೆಯ ತಿರುಳು ಹರಾಜಿನ ಮೊತ್ತದಲ್ಲಿಲ್ಲ. ಹೊಟ್ಟೆಪಾಡಿಗಾಗಿ ಹಿಡಿದ ಕೆಲಸವು ನಮ್ಮೊಳಗಿನ ಆಸಕ್ತಿಯನ್ನು ಕೊಲ್ಲುವುದೆಂದು ನಾವು ಹಲುಬುವುದುಂಟು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹನ್ನೆರಡು ತಾಸು ನಿಂತು ದುಡಿದ ಕಾಲುಗಳಿಗೆ ಅದರ ಅರಿವಿದೆ. ಆದರೂ ಮುಂಬಯಿಯಲ್ಲಿ ಹಗಲೆಲ್ಲ ಬಟ್ಟಲು ತೊಳೆದು ರಾತ್ರಿಶಾಲೆಯ ದೀಪದ ಕೆಳಗೆ ಓದಿ ಮುಂದೆ ಬಂದವರು ನಮ್ಮಲ್ಲಿಯೂ ಇದ್ದಾರಷ್ಟೆ. ಬಾರ್ನ್ಸ್ ಅವರು ಅವರ ಪಂಕ್ತಿಗೆ ಸೇರಿದವರು. ಅವರು ತಮ್ಮ ಕಸುಬನ್ನು ಕಲೆಗೆ ಅಡ್ಡಿಯೆಂದು ಎಣಿಸಲಿಲ್ಲ, ಕಸುಬಿನೊಳಗಿಂದಲೇ ಕಲೆಗೆ ಬೇಕಾದುದನ್ನು ಹೆಕ್ಕಿಕೊಂಡರು. ಜಯಶಾಲಿಯ ಮುಖವನ್ನು ಬರೆದವರು ಬಹುಮಂದಿ ಇದ್ದಾರೆ. ಚೆಂಡೇ ಕೈಗೆ ಬಾರದೆ, ಬೇರೊಬ್ಬನ ಗೆಲುವಿಗಾಗಿ ಎದೆಯೊಡ್ಡಿ, ದಣಿದು ಬೆಂಚಿನ ಮೇಲೆ ತಲೆಬಾಗಿ ಕುಳಿತವನನ್ನು ಕಂಡು ಬರೆದವರು ವಿರಳ. ಅಂತಹವನಿಗೂ ಒಂದು ಮುಖವಿದೆ, ಒಂದು ಘನತೆಯಿದೆ ಎಂದು ತೋರಿಸಿಕೊಟ್ಟ ಕುಂಚಕ್ಕೆ ದುಡಿಯುವವರೆಲ್ಲರೂ ಋಣಿಗಳು.